ಎಡಗಡೆಯ ಚಕ್ರದ ಬಿಸಿ

ಮುಂದಿನ ಬಲಗಡೆಯ ಚಕ್ರ ಬೆಚ್ಚಗಿತ್ತು. ಎಡಗಡೆಯದ್ದರ ಹತ್ತಿರ ಅಂಗೈ ಒಯ್ದರೆ ಅಲ್ಲಿ ಹಿಡಿದಿಡಲು ಆಗಲಿಲ್ಲ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಆ ಕಾರನ್ನು ಅತ್ತಿಗೆ ಓಡಿಸುವಾಗ ಸುಮ್ಮನಿದ್ದೆ. ಅಪಘಾತವಾದ ಮೇಲೆ ಅವರು ನನ್ನನ್ನೇ ಕೇಳಿದರು — ಬ್ರೇಕಿನಲ್ಲಿ ಏನಾದರೂ ದೋಷವಿತ್ತೇ ಎಂದು. ಇಲ್ಲ ಎಂದೆ. ಅವರು ಅದನ್ನು ನಂಬಿದರು. ನನ್ನನ್ನು ನಂಬಿ, ತಮ್ಮ ಕಾಲನ್ನು ನಂಬುವುದನ್ನು ಬಿಟ್ಟರು.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಬಂಟ್ವಾಳ ತಾಲೂಕಿನಲ್ಲಿ, ಸಿದ್ಧಕಟ್ಟೆಯ ಹತ್ತಿರ. ಅಣ್ಣ ಮಸ್ಕತ್‌ನಲ್ಲಿ ಬಸ್ಸುಗಳ ರಿಪೇರಿ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಇರುವುದು ಅಮ್ಮ, ಅತ್ತಿಗೆ ವಿನಯಾ, ಅವರ ಮಗಳು ಆದ್ಯಾ, ಮತ್ತು ನಾನು. ಅತ್ತಿಗೆ ಫಿಸಿಯೋಥೆರಪಿ ಕಲಿತವರು. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದುಕೊಂಡ ಅಜ್ಜಿಯರು — ಇಂಥವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತಿದ್ದರು. ವೇಣೂರಿನ ಆಚೆ, ಬಸ್ಸು ಹೋಗದ ಕಡೆಗಳಿಗೂ ಅವರ ಕಾರು ಹೋಗುತ್ತಿತ್ತು. ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ. "ಸ್ಟಿಯರಿಂಗನ್ನು ಕೋಳಿ ಹಿಡಿದ ಹಾಗೆ ಹಿಡೀಬೇಡ ಮಾರಾಯ್ತಿ, ಅದು ಹಾರಿ ಹೋಗುದಿಲ್ಲ" ಎಂದು ನಗುತ್ತಿದ್ದರು.

ಚಕ್ರದ ಪಾಠ ಮಾತ್ರ ಅಣ್ಣನದ್ದು. ಒಮ್ಮೆ ರಜೆಯಲ್ಲಿ ಬಂದಾಗ ನನ್ನನ್ನು ಅಂಗಳಕ್ಕೆ ಕರೆದು ಹೇಳಿಕೊಟ್ಟಿದ್ದ. "ಮುಟ್ಟಬೇಡ, ಚರ್ಮ ಎದ್ದು ಬಂದೀತು. ಹತ್ತಿರ ಹಿಡಿ, ಸಾಕು. ಬ್ರೇಕ್ ಅಂದ ಮೇಲೆ ಬಿಸಿ ಆಗಿಯೇ ಆಗ್ತದೆ. ಮುಂದಿನ ಎರಡು ಹೆಚ್ಚು, ಹಿಂದಿನ ಎರಡು ಕಮ್ಮಿ. ಘಾಟಿ ಇಳಿದು ಬಂದರೆ ವಾಸನೆಯೂ ಬಂದೀತು, ಹೆದರಬೇಕಾಗಿಲ್ಲ. ಆದ್ರೆ ಒಂದು ಬದಿ ಸುಡ್ತಾ ಉಂಟು, ಇನ್ನೊಂದು ಬದಿ ಸುಮ್ಮನೆ ಉಂಟು ಅಂತಾದ್ರೆ — ಅಲ್ಲಿ ಕ್ಯಾಲಿಪರ್ ಹಿಡ್ಕೊಂಡಿದೆ ಅಂತ ಲೆಕ್ಕ." ಕ್ಯಾಲಿಪರ್ ಎಂದರೆ ಚಕ್ರದ ಒಳಗಿನ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಇಕ್ಕಳದಂಥ ಭಾಗ. ಕಾಲು ತೆಗೆದ ಮೇಲೆ ಅದು ಬಿಟ್ಟುಬಿಡಬೇಕು. ಬಿಡದಿದ್ದರೆ, ನಾವು ಬ್ರೇಕ್ ಒತ್ತದಿದ್ದರೂ ಆ ಚಕ್ರ ಉಜ್ಜಿಕೊಂಡೇ ಓಡುತ್ತದೆ, ಕಾಯುತ್ತಲೇ ಹೋಗುತ್ತದೆ. ಇಷ್ಟೇ. ಇದರಲ್ಲಿ ನನಗೆ ಅರ್ಥವಾಗದ್ದು ಏನೂ ಇರಲಿಲ್ಲ.

ಇನ್ನು ಎರಡನೆಯ ಗುಟ್ಟು. ಇದನ್ನು ಬರೆಯಲು ಮೊದಲನೆಯದ್ದಕ್ಕಿಂತ ಹೆಚ್ಚು ಹಿಂಜರಿಕೆಯಾಗುತ್ತಿದೆ.

ಆ ವರ್ಷ ನನಗೆ ಹೆದರಿಕೆಯ ಕಾಯಿಲೆ ಶುರುವಾಗಿತ್ತು. ಪಾಠ ಮಾಡುತ್ತಿರುವಾಗ, ಬಸ್ಸಿಗೆ ಕಾಯುತ್ತಿರುವಾಗ, ಯಾವ ಕಾರಣವೂ ಇಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು. ಉಸಿರು ಅರ್ಧಕ್ಕೆ ನಿಂತಂತಾಗುತ್ತಿತ್ತು. ಈಗಲೇ ಸಾಯುತ್ತೇನೆ ಎಂದು ಖಚಿತವಾಗುತ್ತಿತ್ತು. ಮೂಡುಬಿದಿರೆಯಲ್ಲಿ ಎಲ್ಲಿ ನೋಡಿದರೂ ನನ್ನ ವಿದ್ಯಾರ್ಥಿಗಳು. ಬೆಳ್ತಂಗಡಿಯಲ್ಲಿ ಮನೋವೈದ್ಯೆಯೊಬ್ಬರು ವಾರಕ್ಕೊಮ್ಮೆ ಬರುತ್ತಾರೆಂದು ತಿಳಿದು ಅಲ್ಲಿಗೆ ಹೋಗಲಾರಂಭಿಸಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ನನಗೊಂದು ಸಂಬಂಧ ನೋಡುತ್ತಿದ್ದರು. ಪಕ್ಕದ ಮನೆಯ ಹುಡುಗಿಯೊಬ್ಬಳ ಬಗ್ಗೆ "ಮಂಡೆ ಸಮ ಇಲ್ಲವಂತೆ" ಎಂದು ಅಮ್ಮ ಸ್ವರ ತಗ್ಗಿಸಿ ಹೇಳಿದ್ದನ್ನು ನಾನು ಕೇಳಿದ್ದೆ. ಬಸ್ಸಿನಲ್ಲಿ ಹೋದರೆ ಕಂಡಕ್ಟರನೂ ಕೇಳುತ್ತಾನೆ, ಟೀಚರೇ, ಈ ಕಡೆ ಎಲ್ಲಿಗೆ ಎಂದು.

ಆಯುಧಪೂಜೆಯ ಹಿಂದಿನ ದಿನ. ಅಮ್ಮ, ಅತ್ತಿಗೆ, ಮಗು ಮೂವರೂ ಮಾವನ ಕಾರಿನಲ್ಲಿ ಪೊಳಲಿಯ ದೇವಸ್ಥಾನಕ್ಕೆ ಹೋಗಿದ್ದರು. ಮಾವ ಅಂದರೆ ಅಮ್ಮನ ಅಣ್ಣ, ಪುತ್ತಿಗೆಯಲ್ಲಿರುವವರು. ನಮ್ಮ ಮನೆಯಲ್ಲಿ ಯಾವ ಮಾತಿಗೂ ಕೊನೆಯ ಮಾತು ಅವರದ್ದು. ನಾನು ಕಾಲೇಜಿನ ಕೆಲಸವಿದೆ ಎಂದು ಮನೆಯಲ್ಲಿ ಉಳಿದು, ಅವರು ಹೊರಟ ಮೇಲೆ ಅತ್ತಿಗೆಯ ಕಾರು ತೆಗೆದುಕೊಂಡು ಬೆಳ್ತಂಗಡಿಗೆ ಹೋದೆ.

ಡಾಕ್ಟರ್ ಅಂದು ಒಂದು ಉಪಾಯ ಹೇಳಿಕೊಟ್ಟರು. ಹೆದರಿಕೆ ಬಂದಾಗ ಅದನ್ನೇ ಕೇಳಿ — ನಿನಗೆ ಪುರಾವೆ ಏನಿದೆ? ಪುರಾವೆ ಇಲ್ಲದಿದ್ದರೆ ಅದು ಬರೀ ಹೆದರಿಕೆ, ಹೋಗಲು ಬಿಡಿ. ಪುರಾವೆ ಇದ್ದರೆ ಅದು ಹೆದರಿಕೆಯಲ್ಲ, ಎಚ್ಚರಿಕೆ. ಏನಾದರೂ ಮಾಡಿ.

ಹಿಂದಿರುಗುವಾಗ ಕಾರು ಭಾರವೆನಿಸಿತು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತೆ ನಿಧಾನವಾಗುತ್ತಿತ್ತು. ಸ್ಟಿಯರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಎಡಕ್ಕೆ ಹೊರಳುತ್ತಿತ್ತು. ಬಂದದ್ದು ಹೆಚ್ಚೂ ಕಡಿಮೆ ಸಮತಟ್ಟಾದ ದಾರಿ. ಬ್ರೇಕ್ ಒತ್ತಿದ್ದೇ ಕಡಿಮೆ. ಆದರೂ ಅಂಗಳಕ್ಕೆ ಬಂದು ನಿಂತಾಗ ಸುಟ್ಟ ಕಮಟು ವಾಸನೆ ಬಂತು. ಇಳಿದು, ಅಣ್ಣ ಹೇಳಿದಂತೆ, ಮೊದಲು ಬಲಗಡೆ ಅಂಗೈ ಹಿಡಿದೆ. ಆಮೇಲೆ ಎಡಗಡೆ.

ಪುರಾವೆ ಇತ್ತು. ಅಂಗೈಯಷ್ಟು ಹತ್ತಿರ ಇತ್ತು.

ಆಗ ಅಮ್ಮನ ಫೋನ್. ಅವರು ಸಿದ್ಧಕಟ್ಟೆ ದಾಟಿದ್ದರು. ನನಗೆ ಒಂದೇ ಯೋಚನೆ — ಕಾರು ಹೊರಗೆ ಹೋಗಿ ಬಂದದ್ದು ಗೊತ್ತಾಗಬಾರದು. ಬಾವಿಕಟ್ಟೆಯಿಂದ ಬಕೆಟ್ ತಂದು ಆ ಚಕ್ರಕ್ಕೆ ನೀರು ಸುರಿದೆ. ಕಾದ ಕಾವಲಿಗೆ ನೀರು ಬಿದ್ದ ಹಾಗೆ ಚುಂಯ್ ಎಂದಿತು. ಆವಿ ಎದ್ದಿತು. ಕಾದ ಲೋಹದ ಮೇಲೆ ಒಮ್ಮೆಲೇ ತಣ್ಣೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರಿಯಲೂಬಹುದು — ತರಗತಿಯಲ್ಲಿ ಇದನ್ನೇ ಪಾಠ ಮಾಡುವವಳು ನಾನು. ಆದರೂ ಸುರಿದೆ. ಆಮೇಲೆ ಸಂಶಯ ಬಾರದಿರಲೆಂದು ಇಡೀ ಕಾರನ್ನೇ ತೊಳೆದೆ.

ಅತ್ತಿಗೆ ಬಂದು ನೋಡಿ ಬೆರಗಾದರು. "ಹೋ, ಪೂಜೆಗೆ ನೀನೇ ತೊಳೆದದ್ದಾ? ನಾಳೆ ಮಳೆ ಗ್ಯಾರಂಟಿ!" ಎಂದು ನನ್ನ ಬೆನ್ನು ತಟ್ಟಿ, ಪೊಳಲಿಯ ಪ್ರಸಾದ ಕೊಟ್ಟರು. ನಾನು ಅದನ್ನು ಒದ್ದೆ ಕೈಯಲ್ಲಿ ತೆಗೆದುಕೊಂಡೆ.

ಊಟಕ್ಕೆ ಕುಳಿತಾಗ ಹೇಳಬಹುದಿತ್ತು. ಪೇಟೆಗೆ ಹೋಗಿದ್ದೆ, ಚಕ್ರ ಬಿಸಿಯಾಗಿತ್ತು ಎಂದು ಒಂದು ಸಣ್ಣ ಸುಳ್ಳು ಸೇರಿಸಿಯಾದರೂ ಹೇಳಬಹುದಿತ್ತು. ಆ ದಾರಿ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಅದೂ ಸುಳ್ಳೇ. ಹೊಳೆದಿತ್ತು. ಒಂದು ಪ್ರಶ್ನೆ ಇನ್ನೊಂದನ್ನು ಎಳೆದು ತರುತ್ತದೆಂದು ಹೆದರಿದೆ. ಕೊನೆಗೆ ನಾನು ಮಾಡಿದ್ದು ಇನ್ನೂ ನೀಚವಾದದ್ದು — ಇದೂ ನನ್ನ ಕಾಯಿಲೆಯೇ ಇರಬೇಕು, ಎಲ್ಲದಕ್ಕೂ ಹೆದರುವವಳಲ್ಲವೇ ನಾನು, ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣಾರೆ ಕಂಡ ಸತ್ಯಕ್ಕೆ ನನ್ನ ಕಾಯಿಲೆಯ ಹೆಸರಿಟ್ಟು ಮಲಗಿದೆ.

ಮರುದಿನ ಪೂಜೆ. ನಮ್ಮ ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಅಪ್ಪ ಇದ್ದಾಗಿನಿಂದ ಒಂದು ಕ್ರಮ ಉಂಟು: ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟ ಮೇಲೆ ಎಂಜಿನ್ ಚಾಲೂ ಮಾಡುವುದಿಲ್ಲ. ಹ್ಯಾಂಡ್‌ಬ್ರೇಕ್ ಇಳಿಸುವುದು ಅಷ್ಟೇ. ಗಾಡಿ ತಾನಾಗಿ ಉರುಳಿ ನಿಂಬೆಹಣ್ಣುಗಳನ್ನು ಒಡೆಯಬೇಕು. ದೇವರು ಎಳೆದುಕೊಳ್ಳುವುದು ಎನ್ನುತ್ತಾಳೆ ಅಮ್ಮ.

ಅಂದು ಅತ್ತಿಗೆ ಹ್ಯಾಂಡ್‌ಬ್ರೇಕ್ ಇಳಿಸಿದರು. ಕಾರು ಅಲುಗಲಿಲ್ಲ.

"ಎಂತ ವಿನಯಾ, ಕಾರಿಗೂ ನವರಾತ್ರಿ ಉಪವಾಸವಾ?" ಎಂದರು ಮಾವ. ಎಲ್ಲರೂ ನಕ್ಕರು. "ದೃಷ್ಟಿಯಾಗಿದೆ, ಇನ್ನೊಂದು ಆರತಿ ಎತ್ತುವ" ಎಂದಳು ಅಮ್ಮ. ಅತ್ತಿಗೆ ಗೇರ್ ನೋಡಿದರು, ನ್ಯೂಟ್ರಲ್‌ನಲ್ಲೇ ಇತ್ತು. ಕೊನೆಗೆ ಮಾವ ಹಿಂದಿನಿಂದ ದೂಡಿದರು. ಬಲಗಡೆಯ ನಿಂಬೆಹಣ್ಣು ಪಟ್ಟನೆ ಒಡೆಯಿತು. ಎಡಗಡೆಯದ್ದು ಮೆಲ್ಲಗೆ, ಹಿಂಡಿದ ಹಾಗೆ.

ಇಷ್ಟು ವರ್ಷ ಆ ಇಳಿಜಾರಿನಲ್ಲಿ ತಾನಾಗಿ ಉರುಳಿದ ಕಾರು ಅಂದು ನಿಂತಿತ್ತು. ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ನಾನು ಯಾವ ಲ್ಯಾಬಿನಲ್ಲೂ ಮಾಡಿಸಿಲ್ಲ. ಎಲ್ಲರೂ ಕೈಮುಗಿದರು. ನಾನೂ ಮುಗಿದೆ.

ಮಧ್ಯಾಹ್ನ ಬೆಳ್ತಂಗಡಿ ಆಚೆಯ ಅತ್ತಿಗೆಯ ತವರಿಗೆ ಹೊರಟೆವು. ಮುಂದೆ ಅತ್ತಿಗೆ, ಅಮ್ಮ. ಹಿಂದೆ ನಾನು, ನನ್ನ ಮಡಿಲಲ್ಲಿ ಆದ್ಯಾ. ಅವರ ಮನೆ ಗುಡ್ಡದ ಮೇಲೆ, ರಬ್ಬರ್ ತೋಟಗಳ ನಡುವೆ. ತಲುಪಿದ ಕೂಡಲೇ ಎಲ್ಲರಿಗಿಂತ ಮೊದಲು ಇಳಿದು ಚಕ್ರಗಳನ್ನು ನೋಡಿದೆ. ಬೆಳಿಗ್ಗೆ ಅಮ್ಮ ಹಚ್ಚಿದ್ದ ಕುಂಕುಮ ಬಲ ಚಕ್ರದಲ್ಲಿ ಕೆಂಪಾಗಿಯೇ ಇತ್ತು. ಎಡ ಚಕ್ರದಲ್ಲಿ ಬ್ರೇಕಿನ ಕರಿ ಹುಡಿ ಮೆತ್ತಿ ಕುಂಕುಮವೇ ಕಾಣುತ್ತಿರಲಿಲ್ಲ. ಕೈ ಹಿಡಿಯಬೇಕಾಗಿಯೂ ಇರಲಿಲ್ಲ. ಬಿಸಿ ಕಾಲಿಗೇ ತಾಗುತ್ತಿತ್ತು.

"ಎಂತ ನೋಡುದು? ಪಂಚರಾ?" ಎಂದು ಅತ್ತಿಗೆ ಹಿಂದಿನಿಂದ ಕೇಳಿದರು.

ಇದು ದೇವರು ಕೊಟ್ಟ ಕೊನೆಯ ಅವಕಾಶ ಎಂದು ನನಗೆ ಆಗಲೇ ಅನಿಸಿತ್ತು. ಆದರೂ —

"ಇಲ್ಲ ಅತ್ತಿಗೆ, ಚಪ್ಪಲಿಯೊಳಗೆ ಕಲ್ಲು."

ಸಂಜೆ, ಬೆಳಕಿರುವಾಗಲೇ, ಗುಡ್ಡ ಇಳಿಯತೊಡಗಿದೆವು. ಒಂದು ಬದಿಗೆ ಕಡಿದ ಮಣ್ಣಿನ ದರೆ, ಇನ್ನೊಂದು ಬದಿಗೆ ಆಳದಲ್ಲಿ ನೀರು ಹರಿಯುವ ತೋಡು. "ಎಂತದೋ ಕರಟಿದ ವಾಸನೆ" ಎಂದರು ಅತ್ತಿಗೆ. "ಯಾರೋ ರಬ್ಬರ್ ಶೀಟಿಗೆ ಹೊಗೆ ಹಾಕಿದ್ದು" ಎಂದಳು ಅಮ್ಮ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆದ್ಯಾಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, "ಅತ್ತೆ, ನೋವಾಗ್ತದೆ" ಎಂದು ಅವಳು ಕೊಸರಿದಳು. ಈಗ ಹೇಳುತ್ತೇನೆ, ಈ ತಿರುವು ಕಳೆಯಲಿ, ಈಗ —

"ಬ್ರೇಕ್ ಹಿಡೀತಾ ಇಲ್ಲ." ಅತ್ತಿಗೆಯ ಸ್ವರ ಮೆಲ್ಲಗಿತ್ತು. ಆಮೇಲೆ ಜೋರಾಗಿ, "ಹಿಡೀತಾ ಇಲ್ಲ! ಮಗುವನ್ನು ಹಿಡ್ಕೋ!"

ಅವರು ಕಿರುಚುತ್ತಾ ಕೂರಲಿಲ್ಲ. ಗೇರ್ ಇಳಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು, ತೋಡಿನ ಕಡೆಗೆ ಹೋಗಬಹುದಾಗಿದ್ದ ಕಾರನ್ನು ದರೆಯ ಕಡೆಗೆ ತಿರುಗಿಸಿ ಉಜ್ಜಿಸಿಕೊಂಡು ಹೋಗಿ ಚರಂಡಿಯಲ್ಲಿ ನಿಲ್ಲಿಸಿದರು. ಅಮ್ಮನ ಮಣಿಕಟ್ಟು ಮುರಿಯಿತು. ಉಳಿದವರಿಗೆ ಗೀರುಗಾಯ. ನಾಲ್ವರೂ ಬದುಕಿದ್ದು ಅತ್ತಿಗೆಯಿಂದ.

ಮಾವ ಬಂದು ತಲುಪುವಷ್ಟರಲ್ಲಿ ಕಾರು ಆರಿ ತಣ್ಣಗಾಗಿತ್ತು. ಅವರು ಡ್ರೈವರ್ ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ನೋಡಿದರು. ಗಟ್ಟಿಯಾಗಿತ್ತು. "ನೋಡಿ, ಬ್ರೇಕ್ ಉಂಟಲ್ಲ! ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದ್ದು ಇವಳು. ತಪ್ಪು ಒತ್ತಿದವರೆಲ್ಲ ಹೇಳುದು ಹಾಗೇ, ಬ್ರೇಕ್ ಹಿಡೀಲಿಲ್ಲ ಅಂತ."

ಬ್ರೇಕಿನ ಎಣ್ಣೆ ಅತಿಯಾಗಿ ಕಾದರೆ ಕುದಿದು ಗುಳ್ಳೆಗಳಾಗುತ್ತವೆ. ಆಗ ಪೆಡಲ್ ಒತ್ತಿದರೆ ಗುಳ್ಳೆಗಳಷ್ಟೇ ಕುಗ್ಗುತ್ತವೆ, ಬ್ರೇಕ್ ಹಿಡಿಯುವುದಿಲ್ಲ. ಆರಿದ ಮೇಲೆ ಗುಳ್ಳೆಗಳು ಮತ್ತೆ ಎಣ್ಣೆಯಾಗುತ್ತವೆ, ಪೆಡಲ್ ಗಟ್ಟಿಯಾಗುತ್ತದೆ. ಆ ಗುಂಪಿನಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ. ಅತ್ತಿಗೆ ಎಲ್ಲರ ಮುಖ ನೋಡುತ್ತಿದ್ದರು. ನನ್ನ ಮುಖವನ್ನೂ ನೋಡಿದರು.

ಕೆಲವು ದಿನಗಳ ನಂತರ ಬಿ.ಸಿ. ರೋಡಿನ ಕಡೆಯ ಗ್ಯಾರೇಜಿಗೆ ಹೋದವಳೂ ನಾನೇ. ಅತ್ತಿಗೆಗೆ ಕಾರಿನ ಮುಖ ನೋಡುವುದು ಬೇಡವಾಗಿತ್ತು. ಮೆಕ್ಯಾನಿಕ್ ಎಡಗಡೆಯ ಡಿಸ್ಕ್ ತೋರಿಸಿದ. ಕಾದು ಕಾದು ನೀಲಿಗಟ್ಟಿತ್ತು. "ಮೇಡಂ, ಮಳೆಗಾಲದಲ್ಲಿ ಒಳಗೆ ನೀರು ಹೋಗಿ ಪಿಸ್ಟನಿಗೆ ತುಕ್ಕು ಹಿಡಿದಿದೆ. ಕ್ಯಾಲಿಪರ್ ಬಿಡ್ತಾನೇ ಇರಲಿಲ್ಲ. ವಾಸನೆ ಗೀಸನೆ ಎಂತದೂ ಗೊತ್ತಾಗಲಿಲ್ವಾ ನಿಮಗೆ?" ಇಲ್ಲ ಎಂದೆ. ಒಡೆದ ದೀಪ, ನಜ್ಜುಗುಜ್ಜಾದ ಬಾಗಿಲಿನ ಜೊತೆ ಅದನ್ನೂ ಬದಲಾಯಿಸಿದರು.

ಮನೆಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಬ್ರೇಕಲ್ಲಿ ಎಂತಾದ್ರೂ ಇತ್ತಂತಾ, ನಿಶ್ಮಾ?"

"ಇಲ್ಲ ಅತ್ತಿಗೆ. ಬ್ರೇಕ್ ಸರಿ ಇತ್ತಂತೆ."

ಅವರು ತಲೆಯಾಡಿಸಿದರು. "ಹಾಗಾದ್ರೆ ನಾನೇ" ಎಂದರು. ಅಷ್ಟೇ. ಒಳಗೆ ಹೋಗಿ ಕಾರಿನ ಕೀಯನ್ನು ಅಮ್ಮನ ಕೈಗೆ ಕೊಟ್ಟರು.

ಚಕ್ರದ ವಿಷಯದಲ್ಲಿ ಸುಮ್ಮನಿದ್ದದ್ದಕ್ಕೆ ಹೆದರಿಕೆ ಎಂದಾದರೂ ಹೇಳಬಹುದು. ಈ ಸುಳ್ಳಿಗೆ ಆ ನೆಪವೂ ಇಲ್ಲ. ಆಗ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ. ನನ್ನ ಮಾನವೊಂದೇ ಪಣದಲ್ಲಿತ್ತು. ಅದಕ್ಕೆ ಬದಲಾಗಿ ಅವರದ್ದನ್ನು ಕೊಟ್ಟೆ.

ಆ ಸಂಬಂಧವೂ ಕುದುರಲಿಲ್ಲ. ಅತ್ತಿಗೆ ಮನೆಮನೆಗೆ ಹೋಗುವುದನ್ನು ಬಿಟ್ಟು ಬಿ.ಸಿ. ರೋಡಿನ ಮೆಡಿಕಲ್ ಶಾಪೊಂದರಲ್ಲಿ ಕೆಲಸಕ್ಕೆ ಸೇರಿದರು. ವೇಣೂರಿನ ಆಚೆ ಒಬ್ಬರು ಅಜ್ಜಿ ಅವರ ಭುಜ ಹಿಡಿದು ಎದ್ದು ನಿಲ್ಲಲು ಕಲಿಯುತ್ತಿದ್ದರು. ಅವರು ಮುಂದೆ ನಡೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಲ್ಲ. ಪ್ರತಿ ವರ್ಷ ಆಯುಧಪೂಜೆಯಂದು ಮಾವನದ್ದು ಅದೇ ಮಾತು: "ಕೀ ವಿನಯಾಳ ಕೈಗೆ ಕೊಡಬೇಡಿ ಮಾರಾಯ್ರೇ, ನಿಂಬೆಹಣ್ಣಿನ ಬದಲು ತುಳಸಿಕಟ್ಟೆ ಹುಡಿಯಾದೀತು!" ಅತ್ತಿಗೆಯೂ ನಗುತ್ತಿದ್ದರು. ಆದ್ಯಾ ದೊಡ್ಡವಳಾದ ಹಾಗೆ ಅವಳೂ ಕಲಿತಳು: "ನಮ್ಮ ಅಮ್ಮನಿಗೆ ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು ಗೊತ್ತಿಲ್ಲ."

ಕಳೆದ ವರ್ಷ, ಪೂಜೆಯ ಹಿಂದಿನ ದಿನದ ಸಂಜೆ, ಅತ್ತಿಗೆ ಕಾರನ್ನು ಒಳಗಿನಿಂದ ಒರೆಸುತ್ತಿದ್ದರು. ನಾನು ಬಾವಿಕಟ್ಟೆಯ ಹತ್ತಿರ ಇದ್ದೆ. ಅವರು ಡ್ರೈವರ್ ಸೀಟಿನಲ್ಲಿ ಕುಳಿತಿದ್ದರು, ಬಾಗಿಲು ತೆರೆದಿತ್ತು, ಎಂಜಿನ್ ಚಾಲೂ ಇರಲಿಲ್ಲ. ಬಟ್ಟೆ ಕೈಯಲ್ಲೇ ಉಳಿದಿತ್ತು. ಬಲಗಾಲು ಮಾತ್ರ ಚಲಿಸುತ್ತಿತ್ತು — ಒಂದು ಪೆಡಲಿನಿಂದ ಇನ್ನೊಂದಕ್ಕೆ, ಮತ್ತೆ ಹಿಂದಕ್ಕೆ. ತುಟಿ ಅಲುಗುತ್ತಿತ್ತು. ಇದು ಬ್ರೇಕ್. ಇದು ಆಕ್ಸಿಲರೇಟರ್. ಇದು ಬ್ರೇಕ್.

ಇಷ್ಟು ವರ್ಷವೂ ಯಾರೂ ನೋಡದಾಗ ಅವರು ಹೀಗೆ ಮಾಡುತ್ತಿದ್ದರೇ —

ಹತ್ತಿರ ಹೋಗಿ ಹೇಳಿದೆ. ಕಾರಿನ ಬಾಗಿಲು ಹಿಡಿದುಕೊಂಡು, ಬೆಳ್ತಂಗಡಿಯ ಡಾಕ್ಟರಿನಿಂದ ಗ್ಯಾರೇಜಿನವರೆಗೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವರು ತಮ್ಮ ಕಾಲನ್ನೇ ನೋಡುತ್ತಾ ಕೇಳಿದರು:

"ಅಂದ್ರೆ ನಾನು ಒತ್ತಿದ್ದು ಬ್ರೇಕನ್ನೇ?"

"ಹೌದು ಅತ್ತಿಗೆ."

ಕಾಲನ್ನು ಪೆಡಲಿನಿಂದ ಮೆಲ್ಲಗೆ ತೆಗೆದು ಅಂಗಳಕ್ಕೆ ಇಳಿಸಿದರು. ಆಮೇಲೆ, "ನನ್ನ ಮಗಳು ನಿನ್ನ ಮಡಿಲಲ್ಲೇ ಇದ್ದಳಲ್ಲ, ನಿಶ್ಮಾ" ಎಂದರು. ಅವರು ಬಟ್ಟೆಯನ್ನು ಹಿಂಡಿ, ಹಗ್ಗದ ಮೇಲೆ ಹರಡಿ, ನನ್ನನ್ನು ದಾಟಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಸೇರಿದ್ದರು. ಅಮ್ಮನ ಕೈಯಲ್ಲಿ ಆರತಿ. ಆದ್ಯಾಳ ಕೈಯಲ್ಲಿ ಫೋನ್, ಅದರಲ್ಲಿ ಅಣ್ಣ. ಅತ್ತಿಗೆ ಬಗ್ಗಿ ಚಕ್ರದಡಿಗೆ ನಿಂಬೆಹಣ್ಣು ಇಡುತ್ತಿದ್ದರು. ನನ್ನ ಕಡೆ ನೋಡಿರಲಿಲ್ಲ. ಮಾವ ಕೀಯನ್ನು ಬೆರಳಿನಲ್ಲಿ ತಿರುಗಿಸುತ್ತಾ, "ಇದು ವಿನಯಾಳ ಕೈಗೆ —" ಎಂದು ಶುರುಮಾಡಿದರು.

"ಮಾವ, ನಿಲ್ಲಿ" ಎಂದೆ. ಆ ಮನೆಯಲ್ಲಿ ಅವರ ಮಾತನ್ನು ಯಾರೂ ಹಾಗೆ ತಡೆದದ್ದಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವತಿತ್ತು, ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು. ಅದು ಹೋಗಲೆಂದು ಕಾಯಲಿಲ್ಲ. ಎಡಗಡೆಯ ಚಕ್ರದ ಪಕ್ಕ ನಿಂತು, "ಅಂದು ಅತ್ತಿಗೆ ಒತ್ತಿದ್ದು ಬ್ರೇಕನ್ನೇ. ಅದು ಕೆಟ್ಟಿತ್ತು. ನನಗೆ ಗೊತ್ತಿತ್ತು" ಎಂದೆ, ಆಮೇಲೆ ಅಮ್ಮನ ಕಡೆ ತಿರುಗಿ, ಆ ಅಪಘಾತದ ಹಿಂದಿನ ದಿನ ನಾನು ಕಾರು ತೆಗೆದುಕೊಂಡು ಎಲ್ಲಿಗೆ ಹೋಗಿದ್ದೆ ಎಂಬಲ್ಲಿಂದ ಹೇಳಲು ತೊಡಗಿದೆ.